ಹಳೇ ಕಾರಿನ ಗೇರ್‌ಬಾಕ್ಸ್: ನೀವು ಕೇಳಿ, ಮೆಕ್ಯಾನಿಕ್ ಹೇಳುತ್ತಾರೆ

ಅಡ್ಮಿನ್: ಗೇರ್‌ಬಾಕ್ಸ್ ಬಿಚ್ಚುವುದೇ ಕಸುಬಾಗಿರುವ ನಮ್ಮ ಮೆಕ್ಯಾನಿಕ್ ಇವತ್ತು ಸಂಜೆ ಇಲ್ಲಿರುತ್ತಾರೆ. ಹತ್ತು ವರ್ಷ ದಾಟಿದ ಕಾರುಗಳ ಪ್ರಶ್ನೆ ಮಾತ್ರ. ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ ಮೊದಲೇ ಹೇಳಿಬಿಡಿ.

ಮೂರನೇ ಗೇರ್: ಸರ್, ಮ್ಯಾನುಯಲ್. ಬೆಳಿಗ್ಗೆ ಎರಡನೇ ಗೇರ್ ಹಾಕುವಾಗ ಕರ್ ಅನ್ನುತ್ತದೆ. ಹೋದ ತಿಂಗಳು ಗೇರ್ ಆಯಿಲ್ ಬದಲಿಸಿದೆ, ಆಮೇಲೇ ಜಾಸ್ತಿಯಾಗಿದ್ದು.

ಮೆಕ್ಯಾನಿಕ್: ಡಬ್ಬದ ಮೇಲೆ ಜಿಎಲ್-5 ಅಂತ ಇದೆಯಾ ನೋಡಿ, ಅದು ಗೇರ್ ಆಯಿಲ್ ದರ್ಜೆ. ಹಳೇ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಲ್ಲಿ ಬಹಳಷ್ಟು ಕೇಳುವುದು ಜಿಎಲ್-4. ನಂಬರ್ ದೊಡ್ಡದಾದರೆ ಆಯಿಲ್ ಒಳ್ಳೆಯದು ಅಂತೇನಿಲ್ಲ. ಸಿಂಕ್ರೊ ರಿಂಗ್ ಹೆಚ್ಚಾಗಿ ಹಿತ್ತಾಳೆಯದು, ಬಳೆ ಇದ್ದಹಾಗೆ. ಅದು ಗೇರಿನ ಮೈಗೆ ಉಜ್ಜಿಕೊಂಡು ವೇಗ ಸರಿದೂಗಿಸಬೇಕು, ಆಗ ಗೇರ್ ಸದ್ದಿಲ್ಲದೆ ಕೂರುತ್ತದೆ. ಜಿಎಲ್-5 ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್‌ನಂಥ ಕಡೆಗೆ ಮಾಡಿದ್ದು, ಅದರಲ್ಲಿ ರಿಂಗ್ ಜಾರುತ್ತದೆ, ಹಿಡಿಯುವುದಿಲ್ಲ. ಕೆಲವದರಲ್ಲಿ ಗಂಧಕದ ಅಂಶ ಹಿತ್ತಾಳೆಯನ್ನೂ ತಿನ್ನುತ್ತದೆ. ಇಳಿಸಿ, ಕಾರಿನ ಪುಸ್ತಕದಲ್ಲಿರುವುದನ್ನು ಹಾಕಿ. ಆದರೆ ಮೊದಲು ಮೇಲಿನ ಬೋಲ್ಟ್, ಅಂದರೆ ಆಯಿಲ್ ತುಂಬುವುದು, ಬಿಚ್ಚಲು ಬರುತ್ತದಾ ನೋಡಿಕೊಳ್ಳಿ. ಕೆಳಗಿನದು ಬಿಚ್ಚಿ ಆಯಿಲೆಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆ ಅಂತ ಫೋನ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಹೊಸಬ: ಗೇರ್ ಆಯಿಲ್ ಎಷ್ಟು ಕಿ.ಮೀ.ಗೆ ಬದಲಿಸಬೇಕು?

ಮೆಕ್ಯಾನಿಕ್: ಕಾರಿನ ಪುಸ್ತಕದಲ್ಲಿದೆ. ಪುಸ್ತಕ ಕಳೆದಿದ್ದರೆ 60,000.

ಹಿಂದಿನ ಸೀಟು: ಸರ್, ನ್ಯೂಟ್ರಲ್‌ನಲ್ಲಿ ಗೊರ್ ಅಂತ ಸದ್ದು. ಕ್ಲಚ್ ಒತ್ತಿದರೆ ನಿಲ್ಲುತ್ತದೆ.

ಮೆಕ್ಯಾನಿಕ್: ಎಂಜಿನ್ ಕಡೆಯಿಂದ ಗೇರ್‌ಬಾಕ್ಸ್ ಒಳಗೆ ಬರುವ ಇನ್‌ಪುಟ್ ಶಾಫ್ಟ್‌ನ ಬೇರಿಂಗ್ ಇರಬಹುದು. ಕ್ಲಚ್ ಒತ್ತಿದಾಗ ಶುರುವಾಗಿದ್ದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಅನ್ನುತ್ತಿದ್ದೆ. ಆಯಿಲ್ ಮಟ್ಟ ನೋಡಿ, ಆಮೇಲೆ ಬಿಚ್ಚಿಸಿ.

ಅಪ್ಪನ ಕಾರು: ನಮಸ್ತೆ. ಆಟೊಮ್ಯಾಟಿಕ್, 18 ವರ್ಷದ್ದು, ಅಪ್ಪ ಓಡಿಸುತ್ತಿದ್ದದ್ದು. ಗೇರ್ ಬದಲಾಗುವಾಗ ಗಡಗಡ ನಡುಗುತ್ತದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಕೆಂಪಗಿಲ್ಲ, ತಿಳಿ ಗುಲಾಬಿ, ಹಾಲು ಬೆರೆಸಿದ ಹಾಗೆ. ಹಾಗೇ ಓಡಿಸುತ್ತಿದ್ದೇನೆ. ತೊಂದರೆ ಇಲ್ಲ ಅಲ್ವಾ?

ಹೊಸಬ: ಸರ್, ಆಟೊಮ್ಯಾಟಿಕ್‌ಗೂ 60,000 ಏನಾ?

ಮೆಕ್ಯಾನಿಕ್: ಗುಲಾಬಿ ಆಯಿಲ್ ಮೇಡಂ, ಕೂಲಂಟ್, ಅಂದರೆ ರೇಡಿಯೇಟರ್ ನೀರು, ಕಡಿಮೆಯಾಗುತ್ತಿದೆಯಾ? ನೆಲದ ಮೇಲೆ ಸೋರಿಕೆ ಇದೆಯಾ? ಮೊದಲು ಇದಕ್ಕೆ ಉತ್ತರ ಕೊಡಿ.

ಅಪ್ಪನ ಕಾರು: ಹೌದು, ಆಗಾಗ ತುಂಬಿಸುತ್ತಿದ್ದೇನೆ. ನೆಲದಲ್ಲಿ ಒಂದು ಹನಿಯೂ ಇಲ್ಲ.

ಗ್ಯಾರೇಜ್ ಗೆಳೆಯ: ಹೆಡ್ ಗ್ಯಾಸ್ಕೆಟ್ ಹೋಗಿದೆ. ನೂರಕ್ಕೆ ನೂರು.

ಮೆಕ್ಯಾನಿಕ್: ಅಲ್ಲ. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್‌ನ ಸೀಲ್, ಅದು ಹೋದರೆ ನೀರು ಎಂಜಿನ್ ಆಯಿಲ್‌ಗೆ ಸೇರಬಹುದು, ಗೇರ್‌ಬಾಕ್ಸ್ ಆಯಿಲ್‌ಗೆ ಅಲ್ಲಿಂದ ದಾರಿಯೇ ಇಲ್ಲ.
ಮೇಡಂ, ಕಾರು ಇನ್ನು ಸ್ಟಾರ್ಟ್ ಮಾಡಬೇಡಿ. ಗ್ಯಾರೇಜ್ ಹತ್ತಿರವೇ ಇದ್ದರೂ ಬೇಡ. ತುಂಬ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಂಪಾಗುವುದು ರೇಡಿಯೇಟರ್ ಒಳಗಿನ ಒಂದು ಸಣ್ಣ ಕೂಲರ್‌ನಲ್ಲಿ. ಒಳಗೆ ಆಯಿಲ್, ಸುತ್ತ ಕೂಲಂಟ್, ನಡುವೆ ತೆಳ್ಳನೆ ಲೋಹ ಅಷ್ಟೇ. ವರ್ಷಗಳಾದ ಮೇಲೆ ಅದು ಕೊರೆದು ತೂತಾಗುತ್ತದೆ. ಎಂಜಿನ್ ನಿಲ್ಲಿಸಿದ ತಕ್ಷಣ ಆಯಿಲ್ ಪಂಪ್ ನಿಲ್ಲುತ್ತದೆ, ಆದರೆ ಬಿಸಿ ರೇಡಿಯೇಟರ್‌ನಲ್ಲಿ ಒತ್ತಡ ಹಾಗೇ ಇರುತ್ತದೆ, ಅದು ಕೂಲಂಟನ್ನು ಗೇರ್‌ಬಾಕ್ಸ್ ಕಡೆ ತಳ್ಳುತ್ತದೆ. ನಿಮಗೆ ಸೋರಿಕೆ ಕಾಣದಿರುವುದು ಇದಕ್ಕೇ, ಒಳಗೊಳಗೇ ಸೋರುತ್ತಿದೆ. ಒಳಗಿನ ಕ್ಲಚ್ ಪ್ಲೇಟ್‌ಗಳ ಮೇಲಿರುವುದು ಕಾಗದದಂಥ ಪದರ, ಅಂಟಿನಿಂದ ಕೂತಿದೆ. ನೀರು ಪದರವನ್ನು ಉಬ್ಬಿಸುತ್ತದೆ, ಕೂಲಂಟ್‌ನಲ್ಲಿರುವ ಗ್ಲೈಕಾಲ್ ಅಂಟು ಬಿಡಿಸುತ್ತದೆ. ನೀವು ಹೇಳಿದ ನಡುಕ ಅದರ ಶುರು ಇರಬಹುದು.
ಎಳೆದುಕೊಂಡೂ ಹೋಗಬೇಡಿ, ಎಂಜಿನ್ ಆಫ್ ಇದ್ದಾಗ ಚಕ್ರ ತಿರುಗಿದರೆ ಒಳಗೆ ಆಯಿಲ್ ಹರಿಯುವುದಿಲ್ಲ. ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಗಾಡಿ ಕರೆಸಿ. ರೇಡಿಯೇಟರ್ ಬದಲಿಸಿ, ಆಮೇಲೆ ಗುಲಾಬಿ ಬಣ್ಣ ಪೂರ್ತಿ ಹೋಗುವ ತನಕ ಆಯಿಲ್ ಫ್ಲಶ್, ಅಂದರೆ ಹೊಸ ಆಯಿಲ್ ಹಾಕಿ ಹಳೆಯದನ್ನು ತೊಳೆದು ತೆಗೆಯುವುದು. ಒಂದೇ ಸಲ ಇಳಿಸಿದರೆ ಸಾಲದು, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ ಬಹಳಷ್ಟು ಉಳಿದಿರುತ್ತದೆ. ಇಷ್ಟಾದರೂ ನಡುಕ ಹೋಗದಿದ್ದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಎಷ್ಟು ದಿನದಿಂದ ಓಡಿಸುತ್ತಿದ್ದೀರಿ?

ಅಪ್ಪನ ಕಾರು: ಒಂದು ತಿಂಗಳಾಯಿತು.

ಶುಭೋದಯ ಸದಸ್ಯ: *ಫಾರ್ವರ್ಡ್ ಆಗಿದೆ.* ಆಟೊಮ್ಯಾಟಿಕ್ ಗೇರ್ ಜಾರುತ್ತಿದೆಯೇ? 100 ಮಿ.ಲೀ. ಬ್ರೇಕ್ ಆಯಿಲ್ ಹಾಕಿ, ಸೀಲ್ ಉಬ್ಬಿ ಹೊಸದರಂತಾಗುತ್ತದೆ! ಹತ್ತು ಜನರಿಗೆ ತಿಳಿಸಿ.

ಮೆಕ್ಯಾನಿಕ್: ಬ್ರೇಕ್ ಆಯಿಲ್, ಡಾಟ್-3 ಆಗಲಿ ಡಾಟ್-4 ಆಗಲಿ, ಗ್ಲೈಕಾಲ್ ಜಾತಿಯದೇ. ಈಗಷ್ಟೇ ಮೇಲೆ ಗ್ಲೈಕಾಲ್ ಏನು ಮಾಡುತ್ತದೆ ಅಂತ ಬರೆದೆ, ಓದಿದಿರಾ? ಸೀಲ್ ಉಬ್ಬುವುದು ನಿಜ, ಆಮೇಲೆ ಮೆತ್ತಗಾಗಿ ಹರಿದು ಹೋಗುವುದೂ ನಿಜ. ಹತ್ತು ಜನರಿಗೆ ಕಳಿಸಿ, ಹತ್ತೂ ಕಾರು ನನ್ನ ಹತ್ತಿರವೇ ಬರಲಿ.

ಶುಭೋದಯ ಸದಸ್ಯ: ನಾನು ಬರೆದದ್ದಲ್ಲ ಸರ್, ಬಂದದ್ದನ್ನು ಹಾಕಿದೆ.

ಗ್ಯಾರೇಜ್ ಗೆಳೆಯ: ಹಳೇ ಆಟೊಮ್ಯಾಟಿಕ್‌ಗೆ ಫ್ಲಶ್ ಮಾಡಲೇಬಾರದು ಅಂತ ಹೋದ ವಾರ ಇದೇ ಗುಂಪಿನಲ್ಲಿ ನೀವೇ ಹೇಳಿದ್ದಿರಿ. ಈಗ ಫ್ಲಶ್ ಅನ್ನುತ್ತೀರಿ. ಯಾವುದು ಸರಿ?

ಮೂರನೇ ಗೇರ್: ಅದು ಬೇರೆ ಕೇಸ್ ಗುರು. ಆಯಿಲ್ ಯಾವತ್ತೂ ಬದಲಿಸದ, ಈಗಾಗಲೇ ಜಾರುತ್ತಿರುವ ಗಾಡಿಗೆ ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಬೇಡಿ ಅಂದಿದ್ದರು.

ಗ್ಯಾರೇಜ್ ಗೆಳೆಯ: ನಿಮ್ಮನ್ನು ಯಾರು ಕೇಳಿದರು? ಮೊದಲು ನಿಮ್ಮ ಜಿಎಲ್-5 ಇಳಿಸಿ.

ಮೂರನೇ ಗೇರ್: ಹೆಡ್ ಗ್ಯಾಸ್ಕೆಟ್ ಅಂದವರು ಹೇಳುತ್ತಿದ್ದಾರೆ ನೋಡಿ.

ಸಿವಿಟಿ ಮಾಲೀಕ: ನನ್ನದು ಸಿವಿಟಿ, ಬೆಲ್ಟ್ ಇರುವ ಆಟೊಮ್ಯಾಟಿಕ್. ಅದಕ್ಕೆ ಸಾಮಾನ್ಯ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್, ಹಾಕಬಹುದಾ? ಎರಡನೇ ಸಲ ಕೇಳುತ್ತಿದ್ದೇನೆ.

ಗ್ಯಾರೇಜ್ ಗೆಳೆಯ: ಮೆಕ್ಯಾನಿಕ್ ಸಾಹೇಬರು ಉತ್ತರಿಸಲಿ, ಫ್ಲಶ್ ಬೇಕಾ ಬೇಡವಾ?

ಮೆಕ್ಯಾನಿಕ್: ಕೊಳಕು ಆಯಿಲ್ ಒಂದು ಮಾತು, ಕೂಲಂಟ್ ಸೇರಿದ ಆಯಿಲ್ ಇನ್ನೊಂದು. ಮೊದಲನೆಯದರಲ್ಲಿ ಕಾಯಲು ಟೈಮ್ ಇದೆ. ಎರಡನೆಯದರಲ್ಲಿ ಒಳಗೆ ಒಂದೊಂದು ದಿನವೂ ಅಂಟು ಬಿಡುತ್ತಿರುತ್ತದೆ, ಆಯಿಲ್ ತೆಗೆಯದೆ ಬೇರೆ ದಾರಿ ಏನಿದೆ ನೀವೇ ಹೇಳಿ. ಇನ್ನು ಇದರ ಬಗ್ಗೆ ನಾನು ಬರೆಯುವುದಿಲ್ಲ.

ಶುಭೋದಯ ಸದಸ್ಯ: ಸೀಮೆಎಣ್ಣೆ ಹಾಕಿ ತೊಳೆದರೆ?

ಮೆಕ್ಯಾನಿಕ್: ಬೇಡ.

ಅಡ್ಮಿನ್: ದಯವಿಟ್ಟು ಜಗಳ ಬೇಡ. ಫಾರ್ವರ್ಡ್‌ಗಳನ್ನು ಅಳಿಸುತ್ತಿದ್ದೇನೆ.

ಅಪ್ಪನ ಕಾರು: ಸರ್, ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ. ಮೇಲೆ ಕೆಂಪು ಎಣ್ಣೆಯ ಪದರ ತೇಲುತ್ತಿದೆ.

ಮೆಕ್ಯಾನಿಕ್: ಬಿಸಿ ಇದ್ದಾಗ ತೆಗೆಯಲಿಲ್ಲ ತಾನೇ? ಹಾಗಾದರೆ ಅದೇ, ಕೂಲರ್ ತೂತಾಗಿದೆ, ಅನುಮಾನವೇ ಬೇಡ. ಕೀ ಮನೆಯವರ ಕೈಗೂ ಸಿಗದ ಹಾಗೆ ಎತ್ತಿಡಿ. ಆಯಿಲ್ ಇಳಿಸಿದಾಗ ಗೇರ್‌ಬಾಕ್ಸ್ ತಳದ ತಟ್ಟೆಯ ಫೋಟೊ ನನಗೆ ನೇರವಾಗಿ ಕಳಿಸಿ. ಅದರಲ್ಲಿರುವ ಆಯಸ್ಕಾಂತದ ಮೇಲೆ ಬೂದು ಬಣ್ಣದ ಮೆತ್ತನೆ ಪೇಸ್ಟ್ ಇದ್ದರೆ ಅದು ಸಾಮಾನ್ಯ. ಕಪ್ಪು ಚೂರುಗಳು, ಕಾಗದದ ಥರದ ಎಳೆಗಳು ಸಿಕ್ಕರೆ ಹೊಸ ಆಯಿಲ್‌ಗೆ ದುಡ್ಡು ಸುರಿಯುವ ಮೊದಲು ಮಾತಾಡೋಣ.

ಹೊಸಬ: ಸರ್, ಆಟೊಮ್ಯಾಟಿಕ್‌ಗೆ ಎಷ್ಟು ಕಿ.ಮೀ.?

ಮೆಕ್ಯಾನಿಕ್: ಪುಸ್ತಕ.

ಸಿವಿಟಿ ಮಾಲೀಕ: ಮೂರನೇ ಸಲ. ಸಿವಿಟಿ?