ಭಾಮಿನಿಯ ಮೂರನೆಯ ಸಾಲಿನಲ್ಲಿ ಒಂದು ಮಾತ್ರೆ ಕಡಿಮೆ: ಎಲ್ಲಿ ತಪ್ಪಿದೆ?

ಪ್ರಶ್ನೆ (ಕಾಸರಗೋಡಿನಿಂದ):
ಆಟಿ ತಿಂಗಳ ಚಂದ್ರಗಿರಿ ಹೊಳೆಯನ್ನು ಕುರಿತು ಆರು ಸಾಲಿನ ಭಾಮಿನಿ ಷಟ್ಪದಿಯೊಂದನ್ನು ಬರೆಯುತ್ತಿದ್ದೇನೆ. ಮೊದಲರ್ಧ ಹೀಗಿದೆ:

ಮಳೆಯ ನೀರಲಿ ತುಂಬಿ ಕೆಂಪಗೆ
ಹೊಳೆಯು ಹರಿವುದು ತೋಟದ ಬದಿಗೆ
ಚೆಲುವ ಗರಿಗಳ ಸೋಕಿ ಬೀಸುವ ಗಾಳಿ ಕಡಲಿಂದ

ಮೊದಲೆರಡು ಸಾಲುಗಳಲ್ಲಿ 14 ಮಾತ್ರೆ (ಅಕ್ಷರವನ್ನು ಉಚ್ಚರಿಸುವ ಕಾಲದ ಅಳತೆ) ಸರಿಯಾಗಿ ಸಿಗುತ್ತದೆ. ಮೂರನೆಯದರಲ್ಲಿ 23ರ ಬದಲು 22 ಬರುತ್ತದೆ. ಹಾಡಿ ನೋಡಿದ ನಮ್ಮೂರಿನ ಭಾಗವತರು ತಡವರಿಸಿದ್ದೂ ಇದರಿಂದಲೇ ಇರಬಹುದೇ?

ಉತ್ತರ:
ಮೂರನೆಯ ಸಾಲಿನ ಅಳತೆ ಸರಿಯಾಗಿಯೇ ಇದೆ. ಅಲ್ಲಿ 3+4 ಮೂರು ಸಲ ಬಂದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ನಿಲ್ಲಬೇಕು. ಸಾಲಿನ ಕೊನೆಯ ಲಘುವನ್ನು (ಒಂದು ಮಾತ್ರೆಯ ಅಕ್ಷರವನ್ನು) ಗುರುವೆಂದೇ ಎಣಿಸುವ ಪದ್ಧತಿ ಇರುವುದರಿಂದ ‘ಕಡಲಿಂ’ ನಾಲ್ಕಾಗಿ, ‘ದ’ ಎರಡಾಗಿ 23 ತುಂಬುತ್ತದೆ.

ಭಾಗವತರು ಎಡವಿದ್ದು ಎರಡನೆಯ ಸಾಲಿನಲ್ಲಿರಬೇಕು. ಅಲ್ಲಿ ಮೊತ್ತ 14 ಇದ್ದರೂ ಗಣಗಳು (ಮಾತ್ರೆಗಳ ಗುಂಪುಗಳು) 3+4+3+4 ಆಗುವ ಬದಲು 3+4+4+3 ಆಗಿವೆ. ತಕಿಟ ತಕಧಿಮಿ ಎಂದು ಕೈತಟ್ಟುತ್ತ ಓದಿದರೆ ‘ತೋಟದ’ ಎಂಬಲ್ಲಿ ಕೈ ತಪ್ಪುವುದು ತಿಳಿಯುತ್ತದೆ. ಎರಡು ಪದಗಳನ್ನು ಅದಲುಬದಲು ಮಾಡಿ ‘ಹೊಳೆಯು ಹರಿವುದು ಬದಿಗೆ ತೋಟದ’ ಎಂದರೆ ಸಾಕು. ಆಗ ‘ತೋಟದ’ ಎಂಬುದು ಮುಂದಿನ ಸಾಲಿನ ಗರಿಗಳಿಗೆ ಅಂಟಿಕೊಂಡು, ಹೊಳೆಯಂತೆ ಪದ್ಯವೂ ನಿಲ್ಲದೆ ಮುಂದೆ ಹರಿಯುತ್ತದೆ. ನನಗೆ ಇದು ತಿದ್ದುಪಡಿಗಿಂತ ಹೆಚ್ಚಿನ ಲಾಭವೆಂದು ತೋರುತ್ತದೆ.

ನಿಜವಾದ ದೋಷ ಇನ್ನೊಂದಿದೆ, ಅದು ಪ್ರಾಸದ್ದು: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ‘ಮಳೆ’, ‘ಹೊಳೆ’ ಎಂದು ಎರಡನೆಯ ಅಕ್ಷರದಲ್ಲಿ ಳಕಾರವನ್ನು ಹಿಡಿದು, ‘ಚೆಲುವ’ದಲ್ಲಿ ಲಕಾರಕ್ಕೆ ಜಾರಿದ್ದೀರಿ. ‘ಎಳೆಯ ಗರಿಗಳ’ ಎಂದರೆ ಪ್ರಾಸ ಕೂಡುತ್ತದೆ, ಗರಿಯೂ ಕಣ್ಣಿಗೆ ಕಾಣುತ್ತದೆ. ಮಂಜೇಶ್ವರದ ಕವಿ ಗೋವಿಂದ ಪೈಗಳು 1911ರಲ್ಲೇ ಈ ಪ್ರಾಸವನ್ನು ಬಿಟ್ಟರಲ್ಲ ಎಂದು ನೀವು ಕೇಳಬಹುದು. ಬಿಡುವುದಾದರೆ ಮೊದಲ ಸಾಲಿನಿಂದಲೇ ಬಿಡಬೇಕು. ಎರಡು ಸಾಲು ಪಾಲಿಸಿ ಮೂರನೆಯದರಲ್ಲಿ ಬಿಟ್ಟರೆ ಅದು ಮರೆವಿನಂತೆ ಕೇಳಿಸುತ್ತದೆ.

ಪ್ರಶ್ನಿಸಿದವರು:
ಪದಗಳನ್ನು ಬದಲಿಸಿ ಓದಿದೆ, ಸರಾಗವಾಗಿದೆ. ನಾಲ್ಕನೆಯ ಸಾಲನ್ನು ‘ತಳ್ಳಿ ತಂದಿತು ಒಣಗಿದೆಲೆಗಳ’ ಎಂದು ಆರಂಭಿಸಬಹುದೇ?

ಉತ್ತರ:
ಒತ್ತಕ್ಷರದ ಹಿಂದಿನ ‘ತ’ ಗುರುವಾಗುವುದರಿಂದ ‘ತಳ್ಳಿ’ಗೆ ಮೂರು ಮಾತ್ರೆ ದೊರೆಯುತ್ತದೆ, ಅಳತೆಗೆ ಬಾಧಕವಿಲ್ಲ. ಆದರೆ ಹ್ರಸ್ವದ ಮುಂದೆ ಒಂಟಿ ವ್ಯಂಜನವಿರುವ ನಿಮ್ಮ ಸಿಂಹಪ್ರಾಸದ ನಡುವೆ ದ್ವಿತ್ವದ (ಒಂದೇ ವ್ಯಂಜನ ಇಮ್ಮಡಿಯಾಗುವ) ಹಯಪ್ರಾಸ ನುಸುಳುತ್ತದೆ. ‘ಸೆಳೆದು ತಂದಿತು’ ಎಂದು ಬರೆಯಿರಿ.