ಅಪ್‌ಡೇಟ್: ರೋಡ್ಸ್ ಹಳೇ ಊರನ್ನು ಅಮ್ಮನ ಜೊತೆ ನಡೆದೇ ನೋಡಿದೆವು

ಗ್ರೀಸ್‌ನ ರೋಡ್ಸ್ ದ್ವೀಪದ ಕೋಟೆ ಊರನ್ನು ಮಂಡಿನೋವಿರುವ ಅಮ್ಮನ ಜೊತೆ ನಡೆದು ನೋಡಬಹುದಾ ಅಂತ ಕೇಳಿದ್ದೆ. ಖಂಡಿತ ನೋಡಬಹುದು. ಬೆಳಿಗ್ಗೆ ಬೇಗ ಹೊರಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಹಡಗಿನ ಪ್ರವಾಸಿಗಳು ಬರುವ ಮೊದಲೇ ನೈಟ್‌ಗಳ (ಮಧ್ಯಯುಗದ ಕ್ರೈಸ್ತ ಯೋಧರ) ಬೀದಿ ನಮಗೆ ಖಾಲಿ ಸಿಕ್ಕಿತು.

ಆ ಬೀದಿ ಏರು. ನೆಲದ ತುಂಬಾ ನುಣುಪಾದ ಸಣ್ಣ ಕಲ್ಲುಗಳು, ಹಾಗಾಗಿ ದಪ್ಪ ಅಟ್ಟೆಯ ಶೂ ಬೇಕೇ ಬೇಕು. ಸೇಂಟ್ ಜಾನ್ ನೈಟ್‌ಗಳು 1522ರವರೆಗೆ, ಅಂದರೆ ಇನ್ನೂರು ವರ್ಷಕ್ಕೂ ಜಾಸ್ತಿ, ಇಲ್ಲಿ ಆಳಿದರು. ಭಾಷೆವಾರು ಅವರಿಗೆ ಬೇರೆ ಬೇರೆ ತಂಗುಮನೆಗಳಿದ್ದವು. ಗೋಡೆಗಳ ಮೇಲೆ ಅವರ ಲಾಂಛನಗಳು ಈಗಲೂ ಇವೆ. ಬೀದಿಯ ಮೇಲ್ತುದಿಯಲ್ಲಿರುವ ಅವರ ಮುಖ್ಯಸ್ಥರ ಅರಮನೆ ಮಾತ್ರ ಬಹುಪಾಲು ಹೊಸದು. 1856ರ ಸಿಡಿಮದ್ದಿನ ಸ್ಫೋಟದಲ್ಲಿ ಹಾಳಾಗಿದ್ದನ್ನು, ನಂತರ ದ್ವೀಪವನ್ನು ಆಳಿದ ಇಟಲಿಯವರು ಮತ್ತೆ ಕಟ್ಟಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೋಟೆಯ ಒಣ ಕಂದಕ. ಎರಡೂ ಕಡೆ ಎತ್ತರದ ಗೋಡೆ, ಅಲ್ಲಲ್ಲಿ ಕಲ್ಲಿನ ಫಿರಂಗಿ ಗುಂಡುಗಳು. ಮೇಲಿನ ಗದ್ದಲ ಅಲ್ಲಿ ಕೇಳಿಸುವುದೇ ಇಲ್ಲ. ಅಮ್ಮನಿಗೂ ನಡೆಯಲು ಅದೇ ಸುಲಭವಾಯಿತು.

ಸಾಕ್ರಟೀಸ್ ಬೀದಿ ಬರೀ ಅಂಗಡಿ ಸಾಲು, ಬೇಗ ದಾಟಿದೆವು. ಆದರೆ ಯಹೂದಿ ಬಡಾವಣೆಯನ್ನು ದಯವಿಟ್ಟು ಬಿಡಬೇಡಿ. ಅಲ್ಲಿ 1577ರ ಕಹಾಲ್ ಶಾಲೋಮ್ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಇದೆ. 1944ರಲ್ಲಿ ನಾಜಿಗಳು ಇಲ್ಲಿನ ಯಹೂದಿಗಳನ್ನು ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿದರು. ಹತ್ತಿರದ ಚೌಕದಲ್ಲಿ ಅವರ ಸ್ಮಾರಕವಿದೆ. ಅದನ್ನು ನೋಡಿ ನಮಗಿಬ್ಬರಿಗೂ ಮಾತೇ ಹೊರಡಲಿಲ್ಲ.

ಕೋಟೆಗೋಡೆಯ ಮೇಲಿನ ನಡಿಗೆಯನ್ನು ಮೆಟ್ಟಿಲುಗಳಿಗೆ ಹೆದರಿ ಬಿಟ್ಟೆವು. ಮಂಡಿನೋವು ಇಲ್ಲದವರು ಅದಕ್ಕೂ ಸಮಯ ಇಟ್ಟುಕೊಳ್ಳಿ, ಜೊತೆಗೆ ನೀರಿನ ಬಾಟಲಿ ಇರಲಿ.