ನನ್ನ ಕಂಪ್ಯೂಟರ್‌ನಲ್ಲಿ ಓಡುವ ಹ್ಯೂಗಿನ್ ಬಿಲ್ಡ್ ಬೇರೆಯವರ ಹತ್ತಿರ ಯಾಕೆ ಬೀಳುತ್ತದೆ?

ಮೂರುಕಾಲು:

ಎಲ್ಲರಿಗೂ ನಮಸ್ಕಾರ. ಹಲವು ಫೋಟೋಗಳನ್ನು ಸೇರಿಸಿ ಒಂದು ಅಗಲ ಚಿತ್ರ ಮಾಡುವ ಪ್ರೋಗ್ರಾಮ್ ಹ್ಯೂಗಿನ್‌ನಲ್ಲಿ ಪನೋರಮಾ ಹೊಲಿಯುವುದು ನನ್ನ ಹಳೇ ಚಟ. ಡೆವಲಪ್‌ಮೆಂಟ್ ಕೋಡ್‌ನಲ್ಲಿ ನನಗೆ ಬೇಕಾದ ಒಂದು ಸರಿಪಡಿಕೆ ಬಂದಿತ್ತು, ಅದರ ವಿಂಡೋಸ್ ಬಿಲ್ಡ್ (ಕೋಡ್‌ನಿಂದ ಕಟ್ಟಿದ, ನೇರ ಓಡಿಸಬಹುದಾದ ಪ್ರೋಗ್ರಾಮ್) ಎಲ್ಲೂ ಸಿಗಲಿಲ್ಲ. ಸರಿ, ನಾನೇ ಮಾಡೋಣ ಅಂತ ಕೂತೆ. ಎರಡು ವಾರಾಂತ್ಯ ಹೋಯಿತು. ವಿಷುವಲ್ ಸ್ಟುಡಿಯೋ, ಸಿಮೇಕ್, ವಿಸಿಪಿಕೆಜಿ ಅನ್ನುವ ಸಾಧನಗಳನ್ನು ಹಾಕಿಕೊಂಡು, ಡಬ್ಲ್ಯೂಎಕ್ಸ್‌ವಿಜೆಟ್ಸ್, ಬೂಸ್ಟ್, ವಿಗ್ರಾ, ಎಕ್ಸಿವ್2, ಲಿಬ್‌ಪನೋ13 ಅಂತ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒಂದೊಂದೇ ಜೋಡಿಸಿ, ಎನ್‌ಬ್ಲೆಂಡ್ ಬೇರೆಯಾಗಿ ಕಟ್ಟಿ, ಕೊನೆಗೆ ಕಿಟಕಿ ತೆರೆದಾಗ ನಿಜಕ್ಕೂ ಎದ್ದು ಕುಣಿದೆ. ಮೂರು ಸಾಲಿನಲ್ಲಿ ತೆಗೆದ 36 ಫೋಟೋಗಳನ್ನು ಕೊಟ್ಟೆ. ಒಂದೂ ತಕರಾರಿಲ್ಲದೆ ಹೊಲಿದು ಕೊಟ್ಟಿತು.

ಅದೇ ಖುಷಿಯಲ್ಲಿ ಜಿಪ್ ಮಾಡಿ ಮೂವರು ಸ್ನೇಹಿತರಿಗೆ ಕಳಿಸಿದೆ. ಮೂವರ ಹತ್ತಿರವೂ ಬಿತ್ತು!

ಮೊದಲನೆಯವನ ಹತ್ತಿರ ಕಿಟಕಿ ತೆರೆಯುತ್ತದೆ, ಕಂಟ್ರೋಲ್ ಪಾಯಿಂಟ್‌ಗಳೂ (ಎರಡು ಫೋಟೋಗಳಲ್ಲೂ ಕಾಣುವ ಒಂದೇ ಜಾಗದ ಗುರುತುಗಳು) ಸಿಗುತ್ತವೆ, ಸ್ಟಿಚ್ ಒತ್ತಿದ ಮೇಲೆ ಕೊನೆಯ ಹಂತದಲ್ಲಿ ನಿಲ್ಲುತ್ತದೆ. ಲಾಗ್‌ನಲ್ಲಿ -1073741515 ಅಂತ ಒಂದು ಸಂಖ್ಯೆ. ಎರಡನೆಯವನದು ಹಳೇ ಲ್ಯಾಪ್‌ಟಾಪ್. ಅಲ್ಲಿ -1073741795. ಎರಡೂ ಒಂದೇ ಸಂಖ್ಯೆ ಅಂದುಕೊಂಡು ಅರ್ಧ ದಿನ ಹಾಳು ಮಾಡಿಕೊಂಡೆ, ಕೊನೆಯ ಮೂರು ಅಂಕಿ ಬೇರೆ ಅಂತ ಆಮೇಲೆ ಗೊತ್ತಾಯಿತು. ಮೂರನೆಯವಳ ಹತ್ತಿರ ಇನ್ನೂ ವಿಚಿತ್ರ, ಫೈಲ್ ಸಿಗಲಿಲ್ಲ ಅನ್ನುತ್ತದೆ. ಫೈಲ್ ಅಲ್ಲೇ ಇದೆ.

ಲಿನಕ್ಸ್ ಬಳಸುವ ಒಬ್ಬನಿಗೆ ಹೇಳಿದರೆ ನಕ್ಕುಬಿಟ್ಟ. ಸ್ಟೇಬಲ್ (ನೆಚ್ಚಿ ಬಳಸಬಹುದಾದದ್ದು) ಅಂತ ಹೆಸರಿಟ್ಟು ವಿಂಡೋಸ್ ಬಿಲ್ಡ್ ಬಿಡುವವರು ಏನು ಮಾಡುತ್ತಾರೆ? ನಾನು ಎಲ್ಲಿ ತಪ್ಪಿದೆ?


ಹಳೇಲೆನ್ಸ್:

ಮೊದಲು ಆ ಸಂಖ್ಯೆಗಳನ್ನು ಬಿಡಿಸೋಣ. ವಿಂಡೋಸ್‌ನ ಕ್ಯಾಲ್ಕ್ಯುಲೇಟರನ್ನು ಪ್ರೋಗ್ರಾಮರ್ ಮೋಡ್‌ಗೆ ಹಾಕಿ ಹೆಕ್ಸ್‌ಗೆ (16ರ ಆಧಾರದ ಸಂಖ್ಯೆಗೆ) ತಿರುಗಿಸಿ. -1073741515 ಅಂದರೆ ಸಿ0000135. ಬೇಕಾದ ಡಿಎಲ್‌ಎಲ್ (ಪ್ರೋಗ್ರಾಮ್ ಓಡುವಾಗ ಕರೆಯುವ ಸಹಾಯಕ ಫೈಲ್) ಸಿಗಲಿಲ್ಲ ಅಂತ ಅರ್ಥ. -1073741795 ಅಂದರೆ ಸಿ000001ಡಿ. ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ ಕೊಟ್ಟಿದ್ದೀರಿ. ನನ್ನ ಊಹೆ, ವೇಗ ಸಿಗಲಿ ಅಂತ ಕಂಪೈಲರ್‌ನಲ್ಲಿ (ಕೋಡನ್ನು ಪ್ರೋಗ್ರಾಮ್ ಮಾಡುವ ಸಾಧನ) ಹೊಸ ಪ್ರೊಸೆಸರ್‌ಗಳ ಎವಿಎಕ್ಸ್2 ಆಜ್ಞೆಗಳನ್ನು ಆನ್ ಮಾಡಿದ್ದೀರಿ. ಹಳೇ ಲ್ಯಾಪ್‌ಟಾಪ್‌ನ ಪ್ರೊಸೆಸರ್‌ಗೆ ಅದು ಬರುವುದಿಲ್ಲ. ತೆಗೆದುಬಿಡಿ, ಸ್ವಲ್ಪ ನಿಧಾನವಾದರೂ ಎಲ್ಲ ಕಡೆ ಓಡುವುದು ಮುಖ್ಯ ಅಲ್ವಾ?

ಇನ್ನು ಡಿಎಲ್‌ಎಲ್ ಕಥೆ. ಜಿಪ್‌ನಲ್ಲಿ ವಿಸಿರನ್‌ಟೈಮ್140 ಮತ್ತು ಎಂಎಸ್‌ವಿಸಿಪಿ140 ಹಾಕಿರುತ್ತೀರಿ, ಎಲ್ಲರೂ ಅಷ್ಟು ನೆನಪಿಡುತ್ತಾರೆ. ಮರೆಯುವುದು ವಿಸಿಓಎಂಪಿ140. ಓಪನ್‌ಎಂಪಿ (ಕೆಲಸವನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚುವ ವ್ಯವಸ್ಥೆ) ಹಾಕಿ ಕಟ್ಟಿದ ಪ್ರೋಗ್ರಾಮ್‌ಗೆ ಅದು ಬೇಕೇ ಬೇಕು. ಎನ್‌ಬ್ಲೆಂಡನ್ನು ಹಾಗೆ ಕಟ್ಟಿದ್ದೀರಾ ನೋಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ವಿಷುವಲ್ ಸ್ಟುಡಿಯೋ ಇದೆ, ಅದರ ಜೊತೆಗೇ ಆ ಡಿಎಲ್‌ಎಲ್ ಬಂದು ಕೂತಿರುತ್ತದೆ, ಅದಕ್ಕೇ ನಿಮ್ಮ ಹತ್ತಿರ ಬೀಳುವುದಿಲ್ಲ. ಬಿಲ್ಡ್ ಮಾಡಿದ ಕಂಪ್ಯೂಟರ್‌ನಲ್ಲೇ ಪರೀಕ್ಷೆ ಮಾಡುವುದು ಸುಮ್ನೆ ಸಮಾಧಾನಕ್ಕೆ. ಏನೂ ಹಾಕದ ಹೊಸ ವಿಂಡೋಸನ್ನು ವರ್ಚುವಲ್ ಮೆಷಿನ್‌ನಲ್ಲಿ (ಕಂಪ್ಯೂಟರ್ ಒಳಗಿನ ತೋರಿಕೆಯ ಕಂಪ್ಯೂಟರ್) ಇಟ್ಟುಕೊಂಡು, ಪ್ರತಿ ಸಲ ಹಳೇ ಸ್ಥಿತಿಗೆ ತಂದು, ಅಲ್ಲಿ ಓಡಿಸಿ ನೋಡಬೇಕು.

ಇನ್ನೊಂದು ಮಾತು. ಕಿಟಕಿ ತೆರೆಯಿತು ಅಂದರೆ ಏನೂ ಸಾಬೀತಾಗಲಿಲ್ಲ. ಹ್ಯೂಗಿನ್ ಒಂದು ಪ್ರೋಗ್ರಾಮ್ ಅಲ್ಲ, ಒಂದು ತಂಡ. ಪಾಯಿಂಟ್ ಹುಡುಕುವುದು ಸಿಪಿಫೈಂಡ್, ಚಿತ್ರಗಳನ್ನು ಬಗ್ಗಿಸಿ ಕೂರಿಸುವುದು ನೋನಾ, ಅಂಚು ಕಾಣದ ಹಾಗೆ ಬೆಸೆಯುವುದು ಎನ್‌ಬ್ಲೆಂಡ್, ಫೋಟೋದ ಮಾಹಿತಿ ನಕಲು ಮಾಡುವುದು ಎಕ್ಸಿಫ್‌ಟೂಲ್. ಎನ್‌ಬ್ಲೆಂಡ್ ಬೇರೆ ಪ್ರಾಜೆಕ್ಟ್, ಎಕ್ಸಿಫ್‌ಟೂಲ್ ಪರ್ಲ್‌ನಲ್ಲಿ ಬರೆದದ್ದು. ಒಬ್ಬೊಬ್ಬರದೂ ಒಂದೊಂದು ವೇಳಾಪಟ್ಟಿ. ಲಿನಕ್ಸ್‌ನಲ್ಲಿ ಇವನ್ನೆಲ್ಲ ಹೊಂದಿಸುವ ಕೆಲಸ ಡಿಸ್ಟ್ರೋದವರದು (ಲಿನಕ್ಸನ್ನು ಪ್ರೋಗ್ರಾಮ್‌ಗಳ ಸಮೇತ ಕಟ್ಟಿ ಹಂಚುವವರು), ಅದಕ್ಕೇ ನಿಮ್ಮ ಸ್ನೇಹಿತರಿಗೆ ನಗು. ವಿಂಡೋಸ್‌ನಲ್ಲಿ ಅದೆಲ್ಲ ಬಿಲ್ಡ್ ಮಾಡುವವನ ತಲೆ ಮೇಲೆ.

ಹಾಗಾಗಿ ಯಾವ ಲೈಬ್ರರಿಯ ಯಾವ ಆವೃತ್ತಿ ಅಂತ ಬರೆದಿಟ್ಟು ಗಟ್ಟಿಮಾಡಿಕೊಳ್ಳಿ. ಲೈಬ್ರರಿ ತಂದುಕೊಡುವ ವಿಸಿಪಿಕೆಜಿಯಲ್ಲಿ ಬೇಸ್‌ಲೈನ್ ಅಂತ ಇದೆ, ಅದನ್ನು ಒಂದು ಕಮಿಟ್‌ಗೆ (ಕೋಡಿನ ಒಂದು ನಿರ್ದಿಷ್ಟ ಸ್ಥಿತಿಗೆ) ಕಟ್ಟಿಹಾಕಿ. 2023ರಲ್ಲಿ ಫೋಟೋ ಮಾಹಿತಿ ಓದುವ ಎಕ್ಸಿವ್2ರ 0.28 ಆವೃತ್ತಿ ಬಂದಾಗ ಮೆಮೊರಿ ನೋಡಿಕೊಳ್ಳುವ ಹಳೇ ಆಟೋಪಾಯಿಂಟರ್‌ಗಳನ್ನು ತೆಗೆದು ಯುನೀಕ್ ಪಾಯಿಂಟರ್ ಹಾಕಿದರು. ಹಿಂದಿನ ವಾರ ಕಂಪೈಲ್ ಆಗುತ್ತಿದ್ದ ಕೋಡ್ ಈ ವಾರ ಆಗಲ್ಲ ಅನ್ನುವುದು ಇಂಥದ್ದರಿಂದಲೇ. ಕಂಪೈಲ್ ಆಗದಿದ್ದರೆ ಪುಣ್ಯ, ಗೊತ್ತಾದರೂ ಆಗುತ್ತದೆ. ಕಂಪೈಲ್ ಆಗಿ ಸದ್ದಿಲ್ಲದೆ ಬೇರೆ ಥರ ನಡೆದುಕೊಳ್ಳುವ ಲೈಬ್ರರಿಗಳು ಇವೆಯಲ್ಲ, ಅವು ನಿಜವಾದ ಕಾಟ.


ಸೊನ್ನೆಒಂದು:

ಮೂರನೆಯವರ ಫೋಲ್ಡರ್ ಹೆಸರು ಕನ್ನಡದಲ್ಲಿದೆಯಾ ಕೇಳಿ. ಲಾಗ್‌ನಲ್ಲಿ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದರೆ ಬೇರೆ ಏನೂ ಹುಡುಕಬೇಡಿ.


ಮೂರುಕಾಲು:

ಹಳೇಲೆನ್ಸ್ ಅವರೇ, ಎರಡೂ ಊಹೆ ಸರಿ. ಎವಿಎಕ್ಸ್2 ಹಾಕಿದ್ದೆ, ವಿಸಿಓಎಂಪಿ ಹಾಕಿರಲಿಲ್ಲ. ನಾಚಿಕೆ ಆಗುತ್ತಿದೆ.

ಸೊನ್ನೆಒಂದು ಅವರೇ, ನಿಮಗೆ ಹೇಗೆ ಗೊತ್ತಾಯಿತು? ಫೋಲ್ಡರ್ ಹೆಸರು “ಬೆಟ್ಟದ ಮೇಲೆ ಸಂಜೆ”. ಲಾಗ್‌ನಲ್ಲಿ ಬರೀ ಪ್ರಶ್ನಾರ್ಥಕಗಳು, ನಡುವೆ ಎರಡು ಖಾಲಿ ಜಾಗ. ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ಬದಲಿಸಲು ಹೇಳಿದೆ. ಬದಲಿಸಿದಳು. ಆದರೂ ಬಿತ್ತು! ಈಗ ಫೋಟೋ ಸಿಗುತ್ತದೆ, ಪಾಯಿಂಟ್ ಸಿಗುತ್ತದೆ, ಬೆಸೆಯುವಾಗ ಮತ್ತೆ ಅದೇ ಪ್ರಶ್ನಾರ್ಥಕ.


ಸೊನ್ನೆಒಂದು:

ಅವರ ವಿಂಡೋಸ್ ಖಾತೆಯ ಹೆಸರೂ ಕನ್ನಡದಲ್ಲೇ ಇರುತ್ತದೆ. ತಾತ್ಕಾಲಿಕ ಫೈಲ್‌ಗಳು ಹೋಗಿ ಬೀಳುವುದು ಖಾತೆಯ ಫೋಲ್ಡರ್ ಒಳಗೇ. ಈಗಿನ ಮಟ್ಟಿಗೆ ಹ್ಯೂಗಿನ್‌ನ ಪ್ರೆಫರೆನ್ಸ್‌ನಲ್ಲಿ ತಾತ್ಕಾಲಿಕ ಫೋಲ್ಡರನ್ನು ಬೇರೆ ಕಡೆ ತೋರಿಸಲು ಹೇಳಿ, ಕೆಲಸ ಆಗುತ್ತದೆ.

ಕಾರಣ ಏನೆಂದರೆ, ವಿಂಡೋಸ್‌ನಲ್ಲಿ ಫೈಲ್ ತೆರೆಯಲು ಎರಡು ದಾರಿ. ಒಂದು ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಕ್ಕೂ ಜಾಗ ಇರುವ) ದಾರಿ, ಇನ್ನೊಂದು ಹಳೇ ಕೋಡ್ ಪೇಜ್ (ಕೆಲವೇ ಭಾಷೆಗಳ ಅಕ್ಷರಗಳ ಪಟ್ಟಿ) ದಾರಿ. ಲಿನಕ್ಸ್‌ನಲ್ಲಿ ಹುಟ್ಟಿ ಬೆಳೆದ ಲೈಬ್ರರಿಗಳು ಮಾಮೂಲಿ ಎಫ್‌ಓಪನ್ ಕರೆಯುತ್ತವೆ, ಅದು ವಿಂಡೋಸ್‌ನಲ್ಲಿ ಹಳೇ ದಾರಿಗೆ ಹೋಗುತ್ತದೆ. ಜರ್ಮನ್ ಚುಕ್ಕೆ ಅಕ್ಷರಗಳು 1252 ಅನ್ನುವ ಕೋಡ್ ಪೇಜ್‌ನಲ್ಲಿ ಇವೆ, ಹಾಗಾಗಿ ಯುರೋಪಿನವರ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಸರಿ ಕಾಣುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜ್ ಇಲ್ಲವೇ ಇಲ್ಲ, ಬರೀ ಯುನಿಕೋಡ್. ನಮ್ಮ ಅಕ್ಷರ ಹಳೇ ದಾರಿಯಲ್ಲಿ ಹೋದರೆ ಪ್ರಶ್ನಾರ್ಥಕ ಆಗುವುದು ಬಿಟ್ಟು ಬೇರೆ ಗತಿ ಇಲ್ಲ.

ಪರಿಹಾರ ಇದೆ. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ ಪ್ರೋಗ್ರಾಮ್‌ನ ಮ್ಯಾನಿಫೆಸ್ಟ್‌ನಲ್ಲಿ (ಪ್ರೋಗ್ರಾಮ್ ಜೊತೆ ಇರುವ ಸೂಚನೆಗಳ ಫೈಲ್) ಯುನಿಕೋಡ್‌ನ ಒಂದು ರೂಪವಾದ ಯುಟಿಎಫ್-8 ಅನ್ನೇ ಕೋಡ್ ಪೇಜ್ ಅಂತ ಬರೆದುಕೊಳ್ಳಬಹುದು. ಒಂದೇ ಸಾಲು. ಆದರೆ ಹ್ಯೂಗಿನ್‌ಗೆ ಹಾಕಿದರೆ ಸಾಲದು, ಅದು ಕರೆಯುವ ಪ್ರತಿಯೊಂದು ಇಎಕ್ಸ್‌ಇಗೂ (ಓಡಿಸುವ ಫೈಲ್‌ಗೂ) ಹಾಕಬೇಕು. ನಾಲ್ಕಕ್ಕೆ ಹಾಕಿ ಐದನೆಯದನ್ನು ಮರೆತರೆ ಅಲ್ಲಿ ಬೀಳುತ್ತದೆ. ಎಕ್ಸಿಫ್‌ಟೂಲ್‌ಗೆ ಫೈಲ್ ಹೆಸರು ಯುಟಿಎಫ್-8 ಅಂತ ಬೇರೆ ಆಯ್ಕೆ ಕೊಡಬೇಕು.


ಅಪರೂಪಕ್ಕೆ:

ಓದಿಯೇ ಸುಸ್ತಾಯಿತು. ನನ್ನ ಅಭಿಪ್ರಾಯ ಬೇರೆ. ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ? ಒಂದು ಜಿಪ್ ಬಿಡಿ, ಓಡಿದವರಿಗೆ ಓಡಲಿ, ಬಿದ್ದವರು ಹೇಳಲಿ. ಸ್ಟೇಬಲ್ ಅನ್ನುವ ಪದವೇ ಬೇಡ.

ನಾನು ಆಟೋಪನೋ ಸಿಫ್ಟ್ (ಪಾಯಿಂಟ್ ಹುಡುಕುವ ಹಳೇ ಪ್ರೋಗ್ರಾಮ್) ಕಾಲದಿಂದ ನೋಡಿದ್ದೇನೆ. ಆಗ ಕಂಪೈಲ್ ಮಾಡುವುದಕ್ಕಿಂತ ಪೇಟೆಂಟ್ ತಲೆನೋವು. ಸಿಫ್ಟ್ ಅಲ್ಗಾರಿದಮ್‌ಗೆ ಅಮೆರಿಕದಲ್ಲಿ ಪೇಟೆಂಟ್ ಇತ್ತು, ಆ ಪಾಯಿಂಟ್ ಹುಡುಕುವ ಪ್ರೋಗ್ರಾಮನ್ನು ನಾವೇ ಬೇರೆ ಕಡೆಯಿಂದ ತಂದು ಕೂರಿಸಿಕೊಳ್ಳಬೇಕಿತ್ತು. ಹ್ಯೂಗಿನ್ 2010.4ರಲ್ಲಿ ಸಿಪಿಫೈಂಡ್ ಬಂದ ಮೇಲೆ ಆ ಗೋಳು ತಪ್ಪಿತು. ಆ ಪೇಟೆಂಟ್ 2020ರಲ್ಲಿ ಮುಗಿಯಿತು, ಯಾರಿಗೂ ನೆನಪಿರಲಿಲ್ಲ ಅನ್ನಿ.


ಹಳೇಲೆನ್ಸ್:

ಅಪರೂಪಕ್ಕೆ ಅವರೇ, ಬಿದ್ದವರು ಹೇಳುವುದಿಲ್ಲ, ಅದೇ ಕಷ್ಟ. ಡೌನ್‌ಲೋಡ್ ಮಾಡುತ್ತಾರೆ, ವಿಂಡೋಸ್‌ನ ನೀಲಿ ಬಣ್ಣದ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆ ನೋಡುತ್ತಾರೆ, ಅಳಿಸುತ್ತಾರೆ. ಸಹಿ (ಯಾರು ಕಟ್ಟಿದ್ದು ಅನ್ನುವ ಡಿಜಿಟಲ್ ಗುರುತು) ಇಲ್ಲದ ಫೈಲ್ ಅಂದರೆ ಆ ಫೈಲ್‌ಗೇ ಹೆಸರು ಬರಬೇಕು, ಜನ ಬಳಸುತ್ತಾ ಬಳಸುತ್ತಾ ಎಚ್ಚರಿಕೆ ಹೋಗುತ್ತದೆ. ನೀವು ಒಂದು ಬೈಟ್ ಬದಲಿಸಿ ಇನ್ನೊಂದು ಬಿಲ್ಡ್ ಬಿಟ್ಟರೆ ಮತ್ತೆ ಸೊನ್ನೆಯಿಂದ ಶುರು. ಬೀಟಾ, ಆರ್‌ಸಿ1, ಆರ್‌ಸಿ2 ಅಂತ ಪರೀಕ್ಷೆಯ ಆವೃತ್ತಿಗಳನ್ನು ಶ್ರದ್ಧೆಯಿಂದ ಮೂರು ಸಲ ಬಿಡುವವನಿಗೆ ಮೂರು ಸಲ ಏಟು. ಸಹಿ ಹಾಕೋಣ ಅಂದರೆ 2023ರ ಜೂನ್‌ನಿಂದ ಸಹಿಯ ಖಾಸಗಿ ಕೀ ಹಾರ್ಡ್‌ವೇರ್ ಒಳಗೇ ಇರಬೇಕು ಅನ್ನುವ ನಿಯಮ ಬಂದಿದೆ. ಬಿಡುವಿದ್ದಾಗ ಮಾಡುವ ಒಬ್ಬ ವ್ಯಕ್ತಿಗೆ ಖರ್ಚೂ ಹೌದು, ಕಿರಿಕಿರಿಯೂ ಹೌದು.

ಆಂಟಿವೈರಸ್ ಇನ್ನೊಂದು. ಎಕ್ಸಿಫ್‌ಟೂಲ್‌ನ ಹಳೇ ವಿಂಡೋಸ್ ಇಎಕ್ಸ್‌ಇ, ಓಡಿಸಿದಾಗ ತನ್ನ ಪರ್ಲ್ ಸಾಮಾನೆಲ್ಲ ತಾತ್ಕಾಲಿಕ ಫೋಲ್ಡರ್‌ನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಕಳ್ಳ ಪ್ರೋಗ್ರಾಮ್‌ಗಳೂ ಹಾಗೇ ಮಾಡುತ್ತವೆ, ಅನುಮಾನ ಬಂದರೆ ತಪ್ಪೇನು? ನನ್ನ ಒಂದು ಬಿಲ್ಡ್‌ನಲ್ಲಿ ಆಂಟಿವೈರಸ್ ಅದನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗಿತ್ತು, ಪನೋರಮಾ ಬರುತ್ತಿತ್ತು, ಕ್ಯಾಮೆರಾ ಮಾಹಿತಿ ಮಾತ್ರ ಖಾಲಿ. ಒಂದು ತಿಂಗಳು ನಾನು ಹ್ಯೂಗಿನ್ ಕೋಡ್ ಓದುತ್ತಾ ಕೂತಿದ್ದೆ! ಈಗಿನ ಎಕ್ಸಿಫ್‌ಟೂಲ್ ಜೊತೆ ಒಂದು ಫೋಲ್ಡರ್ ಬರುತ್ತದೆ. ಇಎಕ್ಸ್‌ಇ ಮಾತ್ರ ನಕಲು ಮಾಡಿ ಫೋಲ್ಡರ್ ಮರೆತರೆ ಅದು ಓಡುವುದಿಲ್ಲ, ನೆನಪಿರಲಿ.

ಮೂರುಕಾಲು ಅವರೇ, ಪರೀಕ್ಷೆಗೆ 36 ಫೋಟೋ ಸಾಕು ಅಂದುಕೊಳ್ಳಬೇಡಿ. ಒಮ್ಮೆ ದೊಡ್ಡದು ಹೊಲಿದು ನೋಡಿ. 20,000 ಅಡ್ಡ 10,000 ಪಿಕ್ಸೆಲ್, 16 ಬಿಟ್, ಪಾರದರ್ಶಕ ಚಾನೆಲ್ ಸೇರಿ ಒಂದು ಚಿತ್ರಕ್ಕೇ 1.6 ಜಿಬಿ. ಸಿ ಭಾಷೆಯ ಲಾಂಗ್ ಅನ್ನುವುದು 64 ಬಿಟ್ ಲಿನಕ್ಸ್‌ನಲ್ಲಿ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಇನ್ನೂ 32. ಫೈಲ್‌ನಲ್ಲಿ ಎಲ್ಲಿದ್ದೇನೆ ಅನ್ನುವ ಲೆಕ್ಕವನ್ನು ಯಾರಾದರೂ ಲಾಂಗ್‌ನಲ್ಲಿ ಇಟ್ಟಿದ್ದರೆ 2 ಜಿಬಿ ದಾಟಿದ ಕೂಡಲೇ ಎಡವುತ್ತದೆ. ಅದೇ ಕೋಡ್ ಲಿನಕ್ಸ್‌ನಲ್ಲಿ ಎಷ್ಟು ಓಡಿಸಿದರೂ ಈ ದೋಷ ಕಾಣುವುದಿಲ್ಲ.


ಮೂರುಕಾಲು:

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಎವಿಎಕ್ಸ್2 ತೆಗೆದೆ. ವಿಸಿಓಎಂಪಿ ಹಾಕಿದೆ. ಮ್ಯಾನಿಫೆಸ್ಟ್ ಸಾಲನ್ನು ಎಲ್ಲ ಇಎಕ್ಸ್‌ಇಗಳಿಗೂ ಸೇರಿಸಿದೆ ಅಂದುಕೊಂಡಿದ್ದೆ, ಎನ್‌ಬ್ಲೆಂಡ್ ಜೊತೆ ಬರುವ ಎನ್‌ಫ್ಯೂಸ್ ಬಿಟ್ಟುಹೋಗಿತ್ತು (ಸೊನ್ನೆಒಂದು ಅವರ ಬಾಯಲ್ಲಿ ಮಚ್ಚೆ ಇದೆ). ಈಗ “ಬೆಟ್ಟದ ಮೇಲೆ ಸಂಜೆ” ಅದೇ ಹೆಸರಿನಲ್ಲಿ, ಅದೇ ಖಾತೆಯಲ್ಲಿ, 21 ಫೋಟೋನೂ ಸೇರಿಕೊಂಡು ಬಂದಿದೆ. ಮೊದಲನೆಯವನ ಹತ್ತಿರವೂ ಸರಿಯಾಯಿತು.

ಹಳೇ ಲ್ಯಾಪ್‌ಟಾಪ್‌ನಲ್ಲಿ ಸ್ಟಿಚ್ ಆಗುತ್ತದೆ, ಆದರೆ ಫಾಸ್ಟ್ ಪ್ರಿವ್ಯೂ ಕಿಟಕಿ ಕಪ್ಪಗೆ ನಿಲ್ಲುತ್ತದೆ. ಪರದೆಗೆ ಚಿತ್ರ ಬಿಡಿಸುವ ಓಪನ್‌ಜಿಎಲ್ ಡ್ರೈವರ್ ಮೇಲೆ ಅನುಮಾನ. ಅವನಿಗೆ ಮಾಮೂಲಿ ಪ್ರಿವ್ಯೂ ಬಳಸು ಅಂದಿದ್ದೇನೆ. ದೊಡ್ಡ ಪನೋರಮಾ ಇನ್ನೂ ಓಡಿಸಿಲ್ಲ, ನನ್ನ ಡಿಸ್ಕ್‌ನಲ್ಲಿ ಜಾಗ ಇಲ್ಲ.

ಜಿಪ್ ಹೆಸರಿನಿಂದ “ಸ್ಟೇಬಲ್” ತೆಗೆದು “ಪರೀಕ್ಷೆಗೆ” ಅಂತ ಹಾಕಿದ್ದೇನೆ, ಲೈಬ್ರರಿಗಳ ಆವೃತ್ತಿಯ ಪಟ್ಟಿಯೂ ಒಳಗಿದೆ. ಕನ್ನಡ ಹೆಸರಿನ ಖಾತೆ ಇರುವವರು, ಹಳೇ ಪ್ರೊಸೆಸರ್ ಇರುವವರು ಯಾರಾದರೂ ಓಡಿಸಿ ನೋಡುತ್ತೀರಾ? ಬಿದ್ದರೆ ದಯವಿಟ್ಟು ಸಂಖ್ಯೆಯನ್ನು ಪೂರ್ತಿ ಬರೆಯಿರಿ, ಕೊನೆಯ ಮೂರು ಅಂಕಿ ಸೇರಿ.


ಅಪರೂಪಕ್ಕೆ:

ಬೇಡ ಅಂದವನೇ ಮೊದಲು ಇಳಿಸಿಕೊಂಡೆ. ನೀಲಿ ಎಚ್ಚರಿಕೆ ಬಂತು, ದಾಟಿದೆ. 48 ಫೋಟೋ ಹಾಕಿದ್ದೇನೆ, ನೋನಾ ಓಡುತ್ತಿದೆ. ರಾತ್ರಿ ಹೇಳುತ್ತೇನೆ.